ಅಕ್ಕನ ಸುಖಕ್ಕೆ ಎಷ್ಟು ಅಂಕ?

ಸೋದರಿಯರೇ, ನಮ್ಮ ಅಡುಗೆಮನೆಯಲ್ಲಿ ಎಲ್ಲಕ್ಕೂ ಒಂದೊಂದು ಅಳತೆ ಇದೆ. ಅಕ್ಕಿಗೆ ಪಾವು, ಹಾಲಿಗೆ ಲೀಟರು, ಎಣ್ಣೆಗೆ ಸೌಟು, ಉಪ್ಪಿಗೆ ನಮ್ಮ ಕೈಯೇ ಅಳತೆ. ಮಗುವಿಗೆ ಮೈ ಬೆಚ್ಚಗಾದರೆ ಥರ್ಮಾಮೀಟರು ಇಡುತ್ತೇವೆ. ಯಜಮಾನರಿಗೆ ಸಕ್ಕರೆ ಕಾಯಿಲೆ ಇದ್ದರೆ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಎಷ್ಟಿದೆ ಎಂದು ನೋಡುತ್ತೇವೆ. ಆದರೆ ಒಬ್ಬಳು ಹೆಂಗಸು ನೆಮ್ಮದಿಯಾಗಿ ಬಾಳುತ್ತಿದ್ದಾಳೋ ಇಲ್ಲವೋ ಎಂದು ಅಳೆಯುವುದಕ್ಕೆ ಏನಾದರೂ ಉಂಟೇ? ಇಲ್ಲ ಅಂತಲೇ ನಾನೂ ಅಂದುಕೊಂಡಿದ್ದೆ. ಉಂಟು ಅಂತ ಗೊತ್ತಾದ ದಿನ ನನಗೆ ಬಹಳ ನಾಚಿಕೆಯಾಯಿತು. ಆ ಕತೆಯನ್ನೇ ಇವತ್ತು ನಿಮಗೆ ಹೇಳಬೇಕೆಂದು ಕೂತಿದ್ದೇನೆ.

ನಾನು ಹೆಚ್ಚು ಓದಿದವಳಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಎರಡು ವರ್ಷ ಮನೆಯಲ್ಲಿದ್ದು, ಆಮೇಲೆ ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದವಳು. ತವರು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ, ರಾಮನಾಥಪುರದ ಕಡೆ. ನನಗಿಂತ ಆರು ವರ್ಷಕ್ಕೆ ದೊಡ್ಡವಳು ನನ್ನ ಅಕ್ಕ. ಅವಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದಾರೆ. ಭಾವನವರದು ತೆಂಗಿನ ತೋಟ, ಒಂದು ಸಣ್ಣ ಅಂಗಡಿ. ಹೀಗೆ ನಾವು ಅಕ್ಕತಂಗಿಯರು ಒಂದೇ ಜಿಲ್ಲೆಯಲ್ಲಿದ್ದರೂ ಹಬ್ಬ ಹರಿದಿನಕ್ಕೆ, ಮದುವೆ ಮುಂಜಿಗೆ ಬಿಟ್ಟರೆ ಸೇರುವುದು ಅಪರೂಪ.

1997ರಲ್ಲಿ ಅಕ್ಕನಿಗೆ ಚೊಚ್ಚಲ ಹೆರಿಗೆ. ತವರಿಗೆ ಬಂದಿದ್ದಳು. ಹೆರಿಗೆಯೇನೋ ಆಯಿತು, ಆದರೆ ರಕ್ತಸ್ರಾವ ನಿಲ್ಲಲಿಲ್ಲ. ಬಾಡಿಗೆ ಕಾರಿನಲ್ಲಿ ದೊಡ್ಡ ಊರಿನ ಆಸ್ಪತ್ರೆಗೆ ಸೇರಿಸಿದೆವು. ಎರಡು ಬಾಟಲಿ ರಕ್ತ ಕೊಟ್ಟರು. ಆಗ ನಾನು ಹದಿನೆಂಟು ಹತ್ತೊಂಬತ್ತರ ಹುಡುಗಿ. ಮಂಚದ ಪಕ್ಕ ನಿಂತು, ಒಂದೊಂದೇ ಹನಿ ಇಳಿಯುವುದನ್ನು ನೋಡುತ್ತಾ ನರಸಿಂಹಸ್ವಾಮಿಗೆ ಹರಕೆ ಹೊತ್ತಿದ್ದೆ. ಅಕ್ಕ ಉಳಿದಳು, ಮಗುವೂ ಉಳಿಯಿತು. ಅಷ್ಟೇ ನಮಗೆ ಬೇಕಾಗಿದ್ದದ್ದು. ಆ ರಕ್ತದೊಳಗೆ ಬೇರೆ ಏನಾದರೂ ಇತ್ತೇ ಎಂದು ಕೇಳುವ ಬುದ್ಧಿ ಯಾರಿಗಿತ್ತು?

ಈಗ ತಿಳಿದವರು ಹೇಳುತ್ತಾರೆ: ಹೆಪಟೈಟಿಸ್ ಸಿ ಎಂಬ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದೇ 1989ರಲ್ಲಿ. ನಮ್ಮ ದೇಶದ ರಕ್ತನಿಧಿಗಳಲ್ಲಿ ಪ್ರತಿಯೊಂದು ಬಾಟಲಿಯನ್ನೂ ಈ ವೈರಸ್ಸಿಗಾಗಿ ಪರೀಕ್ಷಿಸಬೇಕು ಎಂಬುದು ಕಡ್ಡಾಯವಾದದ್ದು 2001-02ರ ಹೊತ್ತಿಗೆ. ದುಡ್ಡು ತೆಗೆದುಕೊಂಡು ರಕ್ತ ಕೊಡುವವರನ್ನು ಸುಪ್ರೀಂ ಕೋರ್ಟಿನ ತೀರ್ಪಿನಂತೆ ನಿಲ್ಲಿಸಿದ್ದು 1998ರ ಜನವರಿಯಿಂದ. ಅಕ್ಕನ ಹೆರಿಗೆ ಆಗಿದ್ದು ಇದಕ್ಕೆಲ್ಲ ಮುಂಚೆ. ಹಾಗಂತ ಆ ಬಾಟಲಿಯೇ ಕಾರಣ ಎಂದು ಖಂಡಿತವಾಗಿ ಹೇಳಲಿಕ್ಕೂ ಬರುವುದಿಲ್ಲವಂತೆ. ಒಂದೇ ಸೂಜಿಯನ್ನು ಹತ್ತು ಜನಕ್ಕೆ ಚುಚ್ಚುತ್ತಿದ್ದ ಕಾಲವನ್ನು ನಾವೂ ನೋಡಿದ್ದೇವಲ್ಲ!

ಅಕ್ಕ ಹೆರಿಗೆಯಾದ ಮೇಲೆ ಮೊದಲಿನ ಅಕ್ಕನಾಗಲಿಲ್ಲ. ತೆಂಗಿನ ಗರಿಯ ಹೊರೆ ಹೊತ್ತು ಬರುತ್ತಿದ್ದವಳು, ನಾಲ್ಕು ಜನಕ್ಕೆ ಮುದ್ದೆ ಕಟ್ಟುವ ಹೊತ್ತಿಗೆ ಗೋಡೆಗೆ ಒರಗಿ ಕೂರುತ್ತಿದ್ದಳು. ಜ್ವರ ಇಲ್ಲ, ನೋವು ಇಲ್ಲ, ಕಣ್ಣು ಹಳದಿಯಾಗಿಲ್ಲ, ಆದರೆ ಸುಸ್ತು. ‘ಏನೋ ಕಣೇ, ಮೈಯಲ್ಲಿ ಸತ್ವವೇ ಇಲ್ಲ’ ಅನ್ನುತ್ತಿದ್ದಳು. ಅತ್ತೆ ‘ಮೈಗಳ್ಳಿ’ ಅಂದರು. ಭಾವ ಬಾಯಿ ಬಿಟ್ಟು ಅನ್ನಲಿಲ್ಲ, ಮುಖದಲ್ಲಿ ತೋರಿಸಿದರು. ನಾನು? ನಾನೂ ಒಂದು ಸಲ ತವರಿನಲ್ಲಿ ಹೋಳಿಗೆ ಲಟ್ಟಿಸುತ್ತಾ, ‘ನಿನಗೆ ಕೂತಲ್ಲೇ ಎಲ್ಲ ಬರಬೇಕು’ ಅಂದಿದ್ದೆ. ಅವಳು ನಕ್ಕು ಸುಮ್ಮನಾಗಿದ್ದಳು. ಇಪ್ಪತ್ತೈದು ವರ್ಷ ಹೀಗೇ ಕಳೆಯಿತು ಅಂದರೆ ನಂಬುತ್ತೀರಾ? ಈ ರೋಗದ ಗುಣವೇ ಅದಂತೆ. ಯಕೃತ್ತು, ಅಂದರೆ ಲಿವರ್, ಒಳಗೊಳಗೇ ಗಾಯವಾಗಿ ಗಟ್ಟಿಯಾಗುತ್ತಾ ಹೋಗುತ್ತದೆ. ಮೇಲಿಂದ ನೋಡಿದವರಿಗೆ ಆಳು ಗಟ್ಟಿಮುಟ್ಟಾಗಿಯೇ ಕಾಣುತ್ತಾರೆ. ಸುಸ್ತಿಗೆ ಸಾಕ್ಷಿ ಎಲ್ಲಿಂದ ತರುವುದು?

2022ರಲ್ಲಿ ಅಕ್ಕನಿಗೆ ಗರ್ಭಕೋಶದ ಆಪರೇಷನ್ ಮಾಡಿಸಬೇಕಾಯಿತು. ಮುಂಚಿತವಾಗಿ ಮಾಡುವ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಇದೆ ಅಂತ ಬಂತು. ಆ ನರ್ಸಿಂಗ್ ಹೋಮಿನವರು, ‘ಇಲ್ಲಿ ಆಗಲ್ಲಮ್ಮ, ದೊಡ್ಡ ಕಡೆ ಹೋಗಿ’ ಅಂತ ಹೇಳಿ ಕಳಿಸಿಬಿಟ್ಟರು. ಹೇಳಿದ್ದು ಎಲ್ಲಿ? ಹತ್ತು ಜನ ಕೂತಿದ್ದ ವರಾಂಡದಲ್ಲಿ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ‘ಅದೇನೋ ರಕ್ತದ ಕಾಯಿಲೆಯಂತೆ, ಏಡ್ಸ್ ತರಹದ್ದಂತೆ’ ಎಂದು ಬಾಯಿಂದ ಬಾಯಿಗೆ ಬೆಳೆಯಿತು. ಅಂಗಡಿಗೆ ಬರುವವರು ಅಕ್ಕನ ಕೈಯಿಂದ ಚಿಲ್ಲರೆ ತೆಗೆದುಕೊಳ್ಳಲು ಹಿಂದೆ ಮುಂದೆ ನೋಡಿದರಂತೆ.

ಇಲ್ಲಿಯವರೆಗೆ ಬೇರೆಯವರ ತಪ್ಪು ಹೇಳಿದೆ. ಈಗ ನನ್ನದು. ಆ ವರ್ಷದ ಗೌರಿ ಹಬ್ಬಕ್ಕೆ ಮುಂಚೆ ಅಕ್ಕ ನಮ್ಮ ಮನೆಗೆ ಎರಡು ದಿನ ಬಂದಿದ್ದಳು. ಇಲ್ಲಿಂದ ಇಬ್ಬರೂ ಜೊತೆಯಾಗಿ ತವರಿಗೆ ಹೋಗುವುದು ಎಂದಿತ್ತು. ನನಗೆ ಮನಸ್ಸಿನಲ್ಲಿ ಹೆದರಿಕೆ. ಮನೆಯಲ್ಲಿ ಮಗಳಿದ್ದಾಳೆ, ವಯಸ್ಸಾದ ಮಾವನವರಿದ್ದಾರೆ. ನಾನು ಏನು ಮಾಡಿದೆ ಗೊತ್ತೇ? ಅಟ್ಟದ ಮೇಲಿದ್ದ ಹಳೆಯ ಸ್ಟೀಲ್ ಲೋಟ ಒಂದನ್ನು ತೆಗೆದು ಅದರಲ್ಲೇ ಅವಳಿಗೆ ಕಾಫಿ ಕೊಟ್ಟೆ. ಕುಡಿದ ಮೇಲೆ ಬೇರೆ ಪಾತ್ರೆಗಳ ಜೊತೆ ಹಾಕದೆ, ತೊಳೆದು ಕಿಟಕಿಯ ಮೇಲೆ ಇಟ್ಟೆ. ತಟ್ಟೆಯ ಬದಲು ‘ತೊಳೆಯೋ ಕೆಲಸ ತಪ್ಪುತ್ತೆ’ ಅಂತ ಹೇಳಿ ಎಲ್ಲರಿಗೂ ಬಾಳೆ ಎಲೆ ಹಾಕಿದೆ. ಎಲ್ಲರಿಗೂ ಹಾಕಿದರೆ ಅವಳಿಗೆ ತಿಳಿಯುವುದಿಲ್ಲ ಎಂದು ನನ್ನ ಜಾಣತನ. ಅಕ್ಕ ಏನೂ ಅನ್ನಲಿಲ್ಲ. ಮಾರನೆಯ ದಿನ ಬೆಳಗ್ಗೆ ತಾನೇ ಕಿಟಕಿಯಿಂದ ಆ ಲೋಟ ತೆಗೆದುಕೊಂಡು ಬಂದು ‘ಇದಕ್ಕೆ ಹಾಕು’ ಅಂತ ಮುಂದೆ ಹಿಡಿದಳು.

ಆಮೇಲೆ ಯಾರೋ ಪುಣ್ಯಾತ್ಮರು ಹೇಳಿದರು, ಈ ರೋಗಕ್ಕೆ ಸರ್ಕಾರದ ಕಡೆಯಿಂದಲೇ ಔಷಧಿ ಪುಕ್ಕಟೆ ಸಿಗುತ್ತದೆ ಅಂತ. ಹೌದು ಸೋದರಿಯರೇ, 2018ರ ಜುಲೈ 28ರಂದು ಕೇಂದ್ರ ಸರ್ಕಾರ ವೈರಲ್ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದೆ. ಪರೀಕ್ಷೆಯೂ ಪುಕ್ಕಟೆ, ಮಾತ್ರೆಯೂ ಪುಕ್ಕಟೆ. ಹಾಸನದ ಸರ್ಕಾರಿ ಆಸ್ಪತ್ರೆಗೆ ಅಕ್ಕನನ್ನು ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು. ಭಾವನಿಗೆ ಅಂಗಡಿ, ಮಗನಿಗೆ ಬೆಂಗಳೂರಿನಲ್ಲಿ ಕೆಲಸ. ಅವಳು ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬರುವುದು, ನಾನು ಹೊಳೆನರಸೀಪುರದಿಂದ ಹೋಗುವುದು, ಹಾಸನದ ಬಸ್ ನಿಲ್ದಾಣದಲ್ಲಿ ಸೇರುವುದು. ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಹೋಗುತ್ತಿದ್ದೆ. ಅವಳಿಗೆ ಬೇರೆ ಡಬ್ಬಿ.

ಅಲ್ಲಿ ಒಂದು ದಿನ ವೈರಸ್ ಎಷ್ಟಿದೆ ಎಂದು ತಿಳಿಯುವ ಪರೀಕ್ಷೆಗೆ ರಕ್ತ ಕೊಟ್ಟು ಕೂತಿದ್ದಾಗ ಒಬ್ಬಳು ಹುಡುಗಿ ಬಂದಳು. ಬಿಳಿ ಕೋಟು, ಕೈಯಲ್ಲಿ ಕಾಗದದ ಕಟ್ಟು. ಓದುವ ಹುಡುಗಿ, ಅಧ್ಯಯನಕ್ಕಾಗಿ ರೋಗಿಗಳನ್ನು ಪ್ರಶ್ನೆ ಕೇಳಬೇಕಂತೆ. ‘ನಿಮ್ಮ ಜೀವನದ ಗುಣಮಟ್ಟ ಹೇಗಿದೆ ಅಂತ ಅಳೀಬೇಕಮ್ಮ. ಇಷ್ಟವಿದ್ದರೆ ಹೇಳಿ, ಇಲ್ಲದಿದ್ದರೆ ಬೇಡ’ ಅಂದಳು. ನಮಗೆ ನಗು ಬಂತು. ಜೀವನವನ್ನು ಅಳೆಯುವುದಂತೆ! ಅಕ್ಕ ಹೂಂ ಅಂದಳು, ಸಹಿ ಹಾಕಿದಳು. ಅವಳು ಓದಿದ್ದು ಏಳನೆಯ ಕ್ಲಾಸು, ಕನ್ನಡಕ ಬೇರೆ ಮರೆತು ಬಂದಿದ್ದಳು. ‘ನಾನೇ ಓದ್ತೀನಿ ಕೊಡಿ’ ಎಂದು ನಾನು ಕಾಗದ ಇಸಿದುಕೊಂಡೆ.

ವಿಶ್ವ ಆರೋಗ್ಯ ಸಂಸ್ಥೆಯವರು ಮಾಡಿದ ಪ್ರಶ್ನೆಗಳು ಅವು. ಒಟ್ಟು 26. ಮೊದಲು ಇದನ್ನು ತಯಾರಿಸುವಾಗ ಲೋಕದ ಹದಿನೈದು ಕಡೆಗಳಲ್ಲಿ ಜನರನ್ನು ಕೇಳಿ ನೋಡಿದ್ದರಂತೆ. ಅದರಲ್ಲಿ ನಮ್ಮ ದೆಹಲಿ, ಮದರಾಸು ಸಹ ಸೇರಿವೆ. ಈಗ ಕನ್ನಡದಲ್ಲೂ ಇದೆ. ಕಳೆದ ಎರಡು ವಾರವನ್ನು ನೆನೆದು ಉತ್ತರ ಹೇಳಬೇಕು. ಒಂದರಿಂದ ಐದರವರೆಗೆ ಅಂಕ. ಮೈ ನೋವು ನಿಮ್ಮ ಕೆಲಸಕ್ಕೆ ಎಷ್ಟು ಅಡ್ಡಿ ಮಾಡುತ್ತದೆ, ದಿನನಿತ್ಯಕ್ಕೆ ಬೇಕಾದಷ್ಟು ಶಕ್ತಿ ಇದೆಯೇ, ನಿದ್ದೆ ತೃಪ್ತಿಯಾಗಿದೆಯೇ, ಬಾಳಿಗೆ ಅರ್ಥವಿದೆ ಅನ್ನಿಸುತ್ತದೆಯೇ, ಖರ್ಚಿಗೆ ಸಾಕಷ್ಟು ಹಣವಿದೆಯೇ, ಓಡಾಡಲು ವಾಹನದ ಅನುಕೂಲ ಹೇಗಿದೆ - ಇಂಥವು. ದೇಹ, ಮನಸ್ಸು, ಜನರ ಜೊತೆಗಿನ ಸಂಬಂಧ, ಸುತ್ತಲಿನ ಪರಿಸರ ಎಂದು ನಾಲ್ಕು ಭಾಗ ಮಾಡಿ ಕೊನೆಗೆ ಕೂಡಿ ಲೆಕ್ಕ ಹಾಕುತ್ತಾರಂತೆ. ಗಂಡ ಹೆಂಡಿರ ವಿಷಯದ್ದೂ ಒಂದು ಪ್ರಶ್ನೆ ಇತ್ತು. ಅದನ್ನು ಓದಲು ನನಗೆ ನಾಚಿಕೆಯಾಗಿ ನಾನೇ ಮೂರು ಎಂದು ಗೀಟು ಹಾಕಹೊರಟೆ. ಆ ಹುಡುಗಿ ‘ನೀವು ಹಾಕಬಾರದಮ್ಮ, ಅವರೇ ಹೇಳಬೇಕು’ ಎಂದು ತಡೆದಳು.

ಅಕ್ಕ ಮೊದಲು ಎಲ್ಲಕ್ಕೂ ‘ಚೆನ್ನಾಗಿದೆ, ನಾಲ್ಕು ಹಾಕು’ ಅನ್ನುತ್ತಿದ್ದಳು. ನಿದ್ದೆ? ಚೆನ್ನಾಗಿದೆ. ಶಕ್ತಿ? ಚೆನ್ನಾಗಿದೆ. ನಮ್ಮ ಹೆಂಗಸರ ಬಾಯಿಗೆ ಇದು ಅಭ್ಯಾಸವಲ್ಲವೇ? ಯಾರು ಕೇಳಿದರೂ ‘ಹೂಂ, ಚೆನ್ನಾಗಿದೀನಿ’ ಅನ್ನುವುದು. ನಾನೂ ಸರಸರನೆ ಗೀಟು ಹಾಕುತ್ತಾ ಹೋದೆ. ಸಂಬಂಧದ ಪ್ರಶ್ನೆ ಬಂತು. ‘ನಿಮ್ಮವರ ಜೊತೆಗಿನ ಸಂಬಂಧ ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ’ ಎಂಬ ಅರ್ಥದ ಪ್ರಶ್ನೆ. ನಾನು ನಾಲ್ಕರ ಮೇಲೆ ಪೆನ್ನು ಇಟ್ಟೇಬಿಟ್ಟಿದ್ದೆ.

ಅಕ್ಕ ಸುಮ್ಮನೆ ಕೂತಳು. ಆಮೇಲೆ ‘ಒಂದು ಹಾಕು’ ಅಂದಳು.

‘ಒಂದೇ? ಒಂದು ಅಂದ್ರೆ ಏನೂ ತೃಪ್ತಿ ಇಲ್ಲ ಅಂತ ಕಣೇ. ಭಾವ ಏನಾದ್ರೂ ಅಂದ್ರಾ?’

‘ಅವರಲ್ಲ. ನೀನು ಆ ಲೋಟ ಕಿಟಕಿ ಮೇಲೆ ಇಟ್ಟೆಯಲ್ಲ, ಅವತ್ತಿಂದ ಒಂದು.’

ದನಿ ಏರಿಸಲೂ ಇಲ್ಲ, ಅಳಲೂ ಇಲ್ಲ. ಅಕ್ಕಿ ಎಷ್ಟು ಪಾವು ಹಾಕಲಿ ಎಂದು ಕೇಳಿದರೆ ಹೇಳುವಂತೆ ಹೇಳಿದಳು. ನಾನು ಒಂದು ಎಂದು ಗೀಟು ಹಾಕಿದೆ. ಕೈ ನಡುಗುತ್ತಿತ್ತು. ಆ ಹುಡುಗಿಗೆ ಅರ್ಥವಾಯಿತೆಂದು ಕಾಣುತ್ತದೆ. ನನ್ನ ಕೈಯಿಂದ ಕಾಗದ ತೆಗೆದುಕೊಂಡು, ‘ಅಮ್ಮಾ, ತಪ್ಪು ನಂದು. ಮನೆಯವರ ಎದುರಿಗೆ ಕೇಳಬಾರದಿತ್ತು. ನೀವು ಸ್ವಲ್ಪ ಹೊರಗೆ ಕೂತಿರಿ, ಮೊದಲಿನಿಂದ ನಾನೇ ಕೇಳ್ತೀನಿ’ ಅಂದಳು. ನಾನು ಹೊರಗೆ ಬೆಂಚಿನ ಮೇಲೆ ಅರ್ಧ ಗಂಟೆ ಕೂತಿದ್ದೆ. ಒಳಗೆ ಅಕ್ಕ ಏನು ಹೇಳಿದಳೋ ನನಗೆ ಗೊತ್ತಿಲ್ಲ. ಆ ಅರ್ಧ ಗಂಟೆಯಲ್ಲಿ ‘ಕೂತಲ್ಲೇ ಎಲ್ಲ ಬರಬೇಕು’ ಅಂದ ಮಾತೂ ನನಗೆ ನೆನಪಾಯಿತು.

ಮುಗಿದ ಮೇಲೆ ಆ ಹುಡುಗಿ ನನ್ನ ಪಕ್ಕ ಬಂದು ಕೂತು, ಬೈಯದೆ, ಸಮಾಧಾನವಾಗಿ ಹೇಳಿದಳು. ಈ ವೈರಸ್ಸು ಹರಡುವುದು ರಕ್ತದಿಂದ ರಕ್ತಕ್ಕೆ. ಎಂಜಲಿನಿಂದ ಅಲ್ಲ, ಒಂದೇ ಲೋಟ ತಟ್ಟೆಯಿಂದ ಅಲ್ಲ, ತಬ್ಬಿಕೊಂಡರೆ ಅಲ್ಲ, ಕೆಮ್ಮಿದರೆ ಅಲ್ಲ, ಸೊಳ್ಳೆ ಕಚ್ಚಿದರೆ ಅಲ್ಲ. ಅವರು ಮಾಡಿದ ಅಡುಗೆಯಿಂದಲೂ ಅಲ್ಲ. ತಾಯಿಯಿಂದ ಹೊಟ್ಟೆಯ ಮಗುವಿಗೆ ನೂರರಲ್ಲಿ ಐದಾರು ಸಲ ಬರಬಹುದು. ಗಂಡ ಹೆಂಡಿರ ನಡುವೆ ಬರುವುದು ಬಹಳ ಅಪರೂಪ. ಬೇರೆಯಾಗಿ ಇಡಬೇಕಾದದ್ದು ಲೋಟವಲ್ಲ. ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ಷು, ಉಗುರು ಕತ್ತರಿಸುವ ಕಟ್ಟರು. ಅವಕ್ಕೆ ರಕ್ತ ಅಂಟಿರಬಹುದು. ನನ್ನ ಮನೆಯಲ್ಲಿ ನೋಡಿ, ಎಲ್ಲರಿಗೂ ಸೇರಿ ಒಂದೇ ನೇಲ್ ಕಟ್ಟರು! ಅದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

‘ಇಷ್ಟೆಲ್ಲ ಪ್ರಶ್ನೆ ಕೇಳಿ ಏನು ಪ್ರಯೋಜನ? ಔಷಧಿ ಕೊಟ್ಟರೆ ಸಾಲದೇ?’ ಎಂದು ನಾನು ಕೇಳಿದೆ. ಅವಳು ಹೇಳಿದ್ದನ್ನು, ಆಮೇಲೆ ನರ್ಸಿಂಗ್ ಓದುತ್ತಿರುವ ನನ್ನ ಮಗಳು ಹುಡುಕಿ ಓದಿ ಹೇಳಿದ್ದನ್ನು ಸೇರಿಸಿ ನಿಮಗೆ ತಿಳಿಸುತ್ತೇನೆ.

ರಕ್ತಪರೀಕ್ಷೆ ಲಿವರಿನ ಸುದ್ದಿ ಹೇಳುತ್ತದೆ, ಮನುಷ್ಯನ ಸುದ್ದಿ ಹೇಳುವುದಿಲ್ಲ. ಒಬ್ಬರಿಗೆ ಪರೀಕ್ಷೆಯಲ್ಲಿ ಅಷ್ಟೇನೂ ಕೆಟ್ಟಿಲ್ಲ ಎಂದು ಬಂದರೂ ಅವರು ಹಾಸಿಗೆಯಿಂದ ಏಳಲಾರದಷ್ಟು ಸುಸ್ತಾಗಿರಬಹುದು. ಲಂಡನ್ನಿನ ವೈದ್ಯರು 1998ರಲ್ಲಿ ಇಂಥದೇ ಪ್ರಶ್ನಾವಳಿಯಿಂದ ಅಳೆದು, ಲಿವರ್ ಗಟ್ಟಿಯಾಗಿ ಕೆಡುವ ಹಂತ ಮುಟ್ಟದವರಿಗೂ ಹೆಪಟೈಟಿಸ್ ಸಿ ಇದ್ದರೆ ಬಾಳಿನ ಗುಣಮಟ್ಟ ಕಡಮೆಯಾಗಿರುತ್ತದೆ ಎಂದು ತೋರಿಸಿದರು. ಅವರು ಬಳಸಿದ್ದು 36 ಪ್ರಶ್ನೆಗಳ ಇನ್ನೊಂದು ಅಳತೆ. ಅದರಲ್ಲಿ ಸೊನ್ನೆಯಿಂದ ನೂರರವರೆಗೆ ಅಂಕ. ಎಷ್ಟು ನಡೆಯಬಲ್ಲೆ, ಎಷ್ಟು ಚೈತನ್ಯವಿದೆ, ನಾಲ್ಕು ಜನರಲ್ಲಿ ಬೆರೆಯಬಲ್ಲೆಯಾ ಎಂದು ಎಂಟು ಬಗೆಯಾಗಿ ನೋಡುತ್ತಾರೆ. ಇದಲ್ಲದೆ ಲಿವರ್ ರೋಗದವರಿಗೆಂದೇ 1999ರಲ್ಲಿ 29 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದಾರೆ. ಅದರಲ್ಲಿ ಸುಸ್ತಿಗೇ ಒಂದು ಭಾಗ, ಚಿಂತೆಗೇ ಒಂದು ಭಾಗ. ಇದನ್ನು ಕೇಳಿದಾಗ ನನಗೆ ಅಕ್ಕನ ಅತ್ತೆಯವರ ನೆನಪಾಯಿತು. ಆಗಲೇ ಯಾರಾದರೂ ಈ ಪ್ರಶ್ನೆಗಳನ್ನು ಕೇಳಿ ‘ಇದು ಮೈಗಳ್ಳತನವಲ್ಲ’ ಎಂದು ಹೇಳಿದ್ದರೆ! ಆ ಹಿರಿಯರು ಈಗ ಇಲ್ಲ.

ಇನ್ನೊಂದು ವಿಷಯ ಕೇಳಿ. ಆಸ್ಟ್ರೇಲಿಯಾದಲ್ಲಿ 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮಗೆ ಈ ವೈರಸ್ ಇದೆ ಎಂದು ತಿಳಿದವರನ್ನೂ, ಇದ್ದರೂ ತಿಳಿಯದೆ ಇದ್ದವರನ್ನೂ ಹೋಲಿಸಿ ನೋಡಿದರಂತೆ. ತಿಳಿದವರ ಅಂಕವೇ ಹೆಚ್ಚು ಕಡಮೆಯಾಗಿತ್ತು! ಅಂದರೆ ರೋಗದಷ್ಟೇ ರೋಗದ ಹೆಸರೂ ಮನುಷ್ಯನನ್ನು ಕುಗ್ಗಿಸುತ್ತದೆ. ಅಕ್ಕನ ವಿಷಯದಲ್ಲಿ ನನಗೆ ಇದು ಕಣ್ಣಾರೆ ಗೊತ್ತು. ಇಪ್ಪತ್ತೈದು ವರ್ಷ ವೈರಸ್ಸಿನೊಡನೆ ಬಾಳಿದಾಗ ಅವಳು ಸುಸ್ತಾಗಿದ್ದಳು, ಆದರೆ ಜಾತ್ರೆಗೆ ಬರುತ್ತಿದ್ದಳು, ನಗುತ್ತಿದ್ದಳು. ಹೆಸರು ತಿಳಿದ ಮೂರೇ ತಿಂಗಳಲ್ಲಿ ಯಾರ ಮನೆಗೂ ಹೋಗದ ಹಾಗಾದಳು. ಆ ಕೆಲಸ ವೈರಸ್ ಮಾಡಿದ್ದಲ್ಲ. ವರಾಂಡದಲ್ಲಿ ಕೂಗಿ ಹೇಳಿದವರು, ಚಿಲ್ಲರೆ ಮುಟ್ಟದವರು, ಲೋಟ ಕಿಟಕಿಯ ಮೇಲಿಟ್ಟ ನಾನು ಸೇರಿ ಮಾಡಿದ್ದು. ಹಾಗೆಂದು ಪರೀಕ್ಷೆ ಮಾಡಿಸದೆ ಇರುವುದು ಮೇಲು ಎಂದು ತಿಳಿಯಬೇಡಿ. ತಿಳಿಯದೆ ಬಿಟ್ಟರೆ ಮುಂದೆ ಲಿವರ್ ಪೂರಾ ಕೆಡಬಹುದು, ಕ್ಯಾನ್ಸರೂ ಆಗಬಹುದು.

ಔಷಧಿಯ ವಿಷಯ ಹೇಳಬೇಕು. ಹಿಂದೆ ಇದಕ್ಕೆ ಇಂಟರ್‌ಫೆರಾನ್ ಎಂಬ ಚುಚ್ಚುಮದ್ದು ಇತ್ತು. ಆರು ತಿಂಗಳು, ವರ್ಷಗಟ್ಟಲೆ ತೆಗೆದುಕೊಳ್ಳಬೇಕು. ಜ್ವರ, ಕೂದಲು ಉದುರುವುದು, ಮನಸ್ಸಿಗೆ ಮಂಕು. ರೋಗಕ್ಕಿಂತ ಮದ್ದೇ ಕಷ್ಟ ಎಂದು ಅರ್ಧಕ್ಕೇ ಬಿಟ್ಟವರೂ ಇದ್ದರು. 2013ರ ಕೊನೆಗೆ ಸೊಫೊಸ್ಬುವಿರ್ ಎಂಬ ಮಾತ್ರೆ ಅಮೆರಿಕದಲ್ಲಿ ಬಂತು. ಆಗ ಒಂದೊಂದು ಮಾತ್ರೆಗೆ ಸಾವಿರ ಡಾಲರು! ನಮ್ಮ ದೇಶದ ಕಂಪನಿಗಳು ತಯಾರಿಸಲು ತೊಡಗಿದ ಮೇಲೆ ಬೆಲೆ ಇಳಿಯಿತು. ಈಗ ಅದರ ಜೊತೆ ಡಕ್ಲಾಟಸ್ವಿರ್ ಅಥವಾ ವೆಲ್ಪಟಸ್ವಿರ್ ಸೇರಿಸಿ ಕೊಡುತ್ತಾರೆ. ದಿನಕ್ಕೊಮ್ಮೆ, ಹೆಚ್ಚಿನವರಿಗೆ 12 ವಾರ, ಅಂದರೆ 84 ದಿನ. ಲಿವರ್ ಹೆಚ್ಚು ಕೆಟ್ಟವರಿಗೆ ಇನ್ನೂ ಹೆಚ್ಚು ದಿನ ಅಥವಾ ಬೇರೆ ಮಾತ್ರೆಯೂ ಬೇಕಾಗಬಹುದು. ನೂರಕ್ಕೆ ತೊಂಬತ್ತೈದು ಜನಕ್ಕೆ ವಾಸಿಯಾಗುತ್ತದೆ. ಈ ವೈರಸ್ಸನ್ನು ಕಂಡುಹಿಡಿದದ್ದಕ್ಕೆ ಹಾರ್ವೆ ಆಲ್ಟರ್, ಮೈಕೇಲ್ ಹೌಟನ್, ಚಾರ್ಲ್ಸ್ ರೈಸ್ ಎಂಬ ಮೂವರಿಗೆ 2020ರಲ್ಲಿ ನೊಬೆಲ್ ಬಹುಮಾನ ಬಂದಿದೆ. ನನ್ನ ಲೆಕ್ಕದಲ್ಲಿ ಅವರಿಗೆ ಒಂದು ಬಾಗಿನವೂ ಸಲ್ಲಬೇಕು.

ಅಕ್ಕನ 84 ದಿನ ಹೀಗೆ ನಡೆಯಿತು. ಕ್ಯಾಲೆಂಡರಿನಲ್ಲಿ ದಿನಾ ಒಂದು ಗೀಟು. ಒಂದು ದಿನವೂ ತಪ್ಪಿಸಬಾರದು ಎಂದು ಹೇಳಿದ್ದರಿಂದ ರಾತ್ರಿ ಎಂಟಕ್ಕೆ ನಾನು ಹೊಳೆನರಸೀಪುರದಿಂದ ಫೋನು ಮಾಡುತ್ತಿದ್ದೆ. ಮೊದಮೊದಲು ‘ತಗೊಂಡೆ’ ಎಂದು ಇಟ್ಟುಬಿಡುತ್ತಿದ್ದಳು. ಆಮೇಲೆ ಎರಡು ಮಾತು, ನಾಲ್ಕು ಮಾತು. ನಾನು ಕ್ಷಮಿಸು ಎಂದು ಕೇಳಲಿಲ್ಲ, ಬಾಯಿ ಬರಲಿಲ್ಲ. ಮುಂದಿನ ಸಲ ಹಾಸನಕ್ಕೆ ಹೋದಾಗ ಒಂದೇ ಡಬ್ಬಿ ತೆಗೆದುಕೊಂಡು ಹೋದೆ. ಒಂದೇ ಚಮಚ. ಆಸ್ಪತ್ರೆಯ ಎದುರಿನ ಮರದಡಿ ಕೂತು ಮೊದಲು ಅವಳು ತಿಂದಳು, ಅದೇ ಡಬ್ಬಿಯಲ್ಲಿ ನಾನು ತಿಂದೆ. ಅವಳು ನೋಡಿದಳು. ‘ಉಪ್ಪು ಕಮ್ಮಿ’ ಅಂದಳು.

ಪಥ್ಯದ ಮಾತು ನೀವು ಕೇಳೇ ಕೇಳುತ್ತೀರಿ. ನಮ್ಮ ಕಡೆ ಕಾಮಾಲೆ ಅಂದರೆ ಸಾಕು, ಒಗ್ಗರಣೆ ಇಲ್ಲ, ಅರಿಶಿನ ಇಲ್ಲ, ಬರೀ ಗಂಜಿ, ಮಜ್ಜಿಗೆ. ಅಕ್ಕನ ಮನೆಯಲ್ಲೂ ಹಾಗೇ ಮಾಡಿ ಅವಳನ್ನು ಇನ್ನಷ್ಟು ಸೊರಗಿಸಿದ್ದರು. ಡಾಕ್ಟರು ಹೇಳಿದ್ದು: ಬೇಳೆ, ಕಾಳು, ಸೊಪ್ಪು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಮನೆಯ ಊಟ ಹೊಟ್ಟೆ ತುಂಬ ತಿನ್ನಿ, ಮದ್ಯ ಮಾತ್ರ ಮುಟ್ಟಬೇಡಿ, ಯಾರೋ ಹೇಳಿದರೆಂದು ಬೇರು ನಾರು, ಪುಡಿ ಕಷಾಯ ನುಂಗಬೇಡಿ. ಕಾಮಾಲೆಗೆ ಬರೆ ಹಾಕಿಸುವುದು ಬೇಡವೇ ಬೇಡ.

ಮಾತ್ರೆ ಮುಗಿದು ಮತ್ತೆ 12 ವಾರ ಕಾದು ಪರೀಕ್ಷೆ ಮಾಡಿದರು. ವೈರಸ್ ಇಲ್ಲ! ಭಾವನವರನ್ನೂ ಇಬ್ಬರು ಮಕ್ಕಳನ್ನೂ ಪರೀಕ್ಷಿಸಿದ್ದರು, ಯಾರಿಗೂ ಬಂದಿರಲಿಲ್ಲ. ತಡವಾದ ಆಪರೇಷನ್ನೂ ಆಮೇಲೆ ಸುಸೂತ್ರವಾಗಿ ಆಯಿತು.

ಆ ಪರೀಕ್ಷೆಯ ದಿನ ಅದೇ ಹುಡುಗಿ ಮತ್ತೆ ಅದೇ 26 ಪ್ರಶ್ನೆ ಹಿಡಿದು ಬಂದಳು. ಹಿಂದೆ ಮುಂದೆ ಎರಡೂ ಅಳತೆ ಬೇಕಂತೆ, ಔಷಧಿಯಿಂದ ಬಾಳು ಎಷ್ಟು ಸುಧಾರಿಸಿತು ಎಂದು ನೋಡಲು. ಈ ಸಲ ನಾನು ಹೇಳಿಸಿಕೊಳ್ಳದೆ ಎದ್ದು ಹೊರಗೆ ಹೋದೆ. ಬಸ್ ನಿಲ್ದಾಣದ ದಾರಿಯಲ್ಲಿ ತಡೆಯಲಾರದೆ ಕೇಳಿದೆ: ‘ಶಕ್ತಿಗೆ ಎಷ್ಟು ಹಾಕಿಸಿದೆ?’

‘ನಾಲ್ಕು. ನಿಜವಾದ ನಾಲ್ಕು. ಹೋದ ವಾರ ತೋಟದವರೆಗೂ ನಡೆದು ಹೋಗಿ ಬಂದೆ.’

‘ನಿದ್ದೆಗೆ?’

‘ಮೂರು. ಅದು ವಯಸ್ಸಿನದ್ದು.’

‘ಮತ್ತೆ... ಆ ಪ್ರಶ್ನೆಗೆ?’

ಅಕ್ಕ ಸೆರಗು ಸರಿಮಾಡಿಕೊಂಡು ಸ್ವಲ್ಪ ದೂರ ನಡೆದಳು. ‘ಮೂರು’ ಅಂದಳು.

ನನಗೆ ಐದು ಬೇಕಾಗಿತ್ತು, ಸುಳ್ಳೇಕೆ ಹೇಳಲಿ. ಕಾಯಿಲೆ ವಾಸಿಯಾಯಿತು, ಡಬ್ಬಿ ಒಂದಾಯಿತು, ದಿನಾ ಫೋನು ಮಾಡಿದೆ, ಇನ್ನೂ ಮೂರೇ? ಆದರೆ ಯೋಚಿಸಿ ನೋಡಿದೆ. ಮೊದಲ ಸಲದ ಹಾಗೆ ಬಾಯಿಮಾತಿಗೆ ನಾಲ್ಕು ಅಂದಿದ್ದರೆ ನನಗೆ ಸಂತೋಷವಾಗುತ್ತಿತ್ತು, ಸತ್ಯ ಮಾತ್ರ ತಿಳಿಯುತ್ತಿರಲಿಲ್ಲ. ಮೂರು ಎಂದರೆ ಇನ್ನೂ ಕೆಲಸ ಬಾಕಿ ಇದೆ ಎಂದಷ್ಟೇ. ಈಗ ಅವಳು ನಮ್ಮ ಮನೆಗೆ ಬಂದರೆ ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಲೋಟದಲ್ಲಿ ತಾನೇ ಕಾಫಿ ಬಗ್ಗಿಸಿಕೊಳ್ಳುತ್ತಾಳೆ. ಆ ಹಳೆಯ ಲೋಟವನ್ನು ನಾನು ಎಸೆಯಲಿಲ್ಲ, ಉಳಿದವುಗಳ ಜೊತೆ ಸೇರಿಸಿಬಿಟ್ಟೆ. ಈಗ ನನಗೇ ಅದು ಯಾವುದು ಎಂದು ಗುರುತು ಸಿಗುವುದಿಲ್ಲ.

ಸೋದರಿಯರೇ, ನಮ್ಮ ದೇಶದಲ್ಲಿ ಸುಮಾರು 55 ಲಕ್ಷ ಜನಕ್ಕೆ ಹೆಪಟೈಟಿಸ್ ಸಿ ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಲೆಕ್ಕ ಹೇಳಿದೆ. ನಿಮ್ಮಲ್ಲಿ ಯಾರಿಗಾದರೂ, ನಿಮ್ಮ ತಾಯಿಗೆ, ಅತ್ತಿಗೆಗೆ, 2002ಕ್ಕೆ ಮುಂಚೆ ರಕ್ತ ಕೊಟ್ಟಿದ್ದರೆ, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡಿದ್ದರೆ, ಮನೆಯಲ್ಲಿ ಯಾರಾದರೂ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರೆ, ಒಂದು ಸಲ ಪರೀಕ್ಷೆ ಮಾಡಿಸಿ. ಒಂದು ಹನಿ ರಕ್ತ ಸಾಕು. ಮೊದಲ ಪರೀಕ್ಷೆಯಲ್ಲಿ ಇದೆ ಎಂದು ಬಂದರೆ ಎದೆಗುಂದಬೇಡಿ. ವೈರಸ್ ನಿಜವಾಗಿ ಇದೆಯೇ ಎಂದು ಎರಡನೆಯ ಪರೀಕ್ಷೆ ಮಾಡಬೇಕು. ವಾಸಿಯಾದ ಮೇಲೂ ಮೊದಲನೆಯ ಪರೀಕ್ಷೆಯಲ್ಲಿ ಇದೆ ಎಂದೇ ತೋರಿಸುತ್ತದೆ, ಆದ್ದರಿಂದ ವಾಸಿಯಾದ ಕಾಗದವನ್ನು ಜೋಪಾನವಾಗಿಡಿ. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಸಿಗೆ ಇನ್ನೂ ಇಲ್ಲ. ಒಮ್ಮೆ ವಾಸಿಯಾದವರಿಗೆ ಮತ್ತೆ ಬರಲೂಬಹುದು, ಆದ್ದರಿಂದ ಸೂಜಿ ಚುಚ್ಚುವ ಕಡೆ ಹೊಸ ಸೂಜಿಯೇ ಎಂದು ಕೇಳಿ ನೋಡುವುದರಲ್ಲಿ ಸಂಕೋಚ ಬೇಡ.

ಕೊನೆಯದಾಗಿ ಒಂದು ಮಾತು. ಮನೆಯಲ್ಲಿ ಕಾಯಿಲೆಯವರಿದ್ದರೆ ‘ಹೇಗಿದ್ದೀಯಾ?’ ಎಂದು ಕೇಳಿ ಬಿಟ್ಟರೆ ಸಾಲದು. ಅದಕ್ಕೆ ‘ಚೆನ್ನಾಗಿದೀನಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಎರಡು ವಾರ ನಿದ್ದೆ ಬಂತೇ? ಮೆಟ್ಟಲು ಹತ್ತಿದರೆ ಏದುಸಿರು ಬರುತ್ತದೆಯೇ? ಯಾರ ಮನೆಗಾದರೂ ಹೋಗಿದ್ದೆಯಾ? ನಾನು ಏನಾದರೂ ನೋಯಿಸಿದೆನೇ? ಹೀಗೆ ಬಿಡಿಸಿ ಬಿಡಿಸಿ ಕೇಳಿ. ಕೇಳಿದ ಮೇಲೆ ಉತ್ತರ ಬರುವವರೆಗೆ ಸುಮ್ಮನೆ ಕೂತಿರಿ. ಹೇಳಿದ ಅಂಕ ಒಂದೇ ಆದರೂ ನಾಲ್ಕು ಎಂದು ತಿದ್ದಲು ಹೋಗಬೇಡಿ.

ನಾನು ಬರುವ ಗೌರಿ ಹಬ್ಬಕ್ಕೆ ಅಕ್ಕನನ್ನು ಮತ್ತೆ ಕೇಳಬೇಕೆಂದಿದ್ದೇನೆ. ಎಷ್ಟು ಹೇಳುತ್ತಾಳೋ ನೋಡೋಣ.